ತೊಳೆಯದ ಕೈ

“ತುರುಬು ಬಿಚ್ಚೇ ಮುಂಡೆ. ಕಿವಿ ಕೇಳಕಿಲ್ವ?”

ರುದ್ರಸ್ವಾಮಿ ಹಿಂಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದ. ಸಂಜೆ ನಾವು ಕೆಲಸ ಬಿಡುವ ಹೊತ್ತಿಗೆ ಅವನು ಹೀಗೆ ಕೂರುವುದು ಹೊಸದೇನಲ್ಲ. ಕೊಳ್ಳೇಗಾಲದ ಪೇಟೆಯಲ್ಲಿ ಮುಂದೆ ಅವನ ಒಡವೆ ಅಂಗಡಿ, ಹಿಂದೆ ನಮ್ಮ ತಗಡಿನ ಶೆಡ್ಡು, ನಡುವೆ ಒಂದು ದಪ್ಪನೆಯ ಪರದೆ. ನಾವು ಹೆಂಗಸರು ಅರ ಉಜ್ಜುತ್ತೇವೆ, ಬೆಸುಗೆ ಹಾಕುತ್ತೇವೆ, ಕಲ್ಲು ಕೂರಿಸುತ್ತೇವೆ. ಮನೆಗೆ ಹೊರಡುವ ಮುಂಚೆ ಬಾಗಿಲ ಪಕ್ಕದ ಬಾನಿಯಲ್ಲಿ ಕೈ, ಮುಖ, ಕಾಲು ತೊಳೆಯಬೇಕು. ಉಗುರ ಸಂದಿಯ ಚಿನ್ನದ ಪುಡಿಯೆಲ್ಲ ಆ ನೀರಿಗಿಳಿಯಬೇಕು. ಆ ನೀರನ್ನು ಯಾರೂ ಚೆಲ್ಲುವಂತಿಲ್ಲ. ಅಡಿಯಲ್ಲಿ ಕೂತ ಕೆಸರನ್ನು ಅಮಾವಾಸ್ಯೆಗೊಮ್ಮೆ ಒಣಗಿಸಿ, ಸುಟ್ಟು ಚಿನ್ನ ತೆಗೆಯುತ್ತಾರೆ. ಕೆಲಸಕ್ಕೆ ಉಡುವ ಸೀರೆ ಹರಿದರೆ ಅದನ್ನೂ ಬಿಚ್ಚಿಸಿಕೊಂಡು ಸುಡುತ್ತಾರೆ. ನಮ್ಮ ಮೈಯ ಕೊಳೆ ಅವನ ಆಸ್ತಿ, ಆದರೆ ಕುಡಿಯುವ ನೀರಿನ ಕೊಡವನ್ನು ಮಾತ್ರ ನಾವು ಮುಟ್ಟಬಾರದು. ಮೇಸ್ತ್ರಿ ನಟರಾಜು ಮೇಲಿನಿಂದ ಹುಯ್ಯುತ್ತಾನೆ, ನಾವು ಬೊಗಸೆ ಒಡ್ಡುತ್ತೇವೆ.

ಪುಟ್ಟಮಾದಮ್ಮ ತುರುಬಿಗೆ ಕೈ ಹಾಕಿದಳು. ಬಿಚ್ಚುವ ಮೊದಲೇ ಒಳಗಿದ್ದ ಅರಿಸಿನ ಬಟ್ಟೆಯ ಗಂಟನ್ನು ತೆಗೆದು ಅಂಗೈಯಲ್ಲಿಟ್ಟು ಮುಂದೆ ಹಿಡಿದಳು.

“ಇದು ನನ್ನ ಮಗಳ ತಾಳಿ ಬುದ್ದಿ. ನಂದೇ ಚಿನ್ನ.”

ರುದ್ರಸ್ವಾಮಿ ಗಂಟನ್ನು ಕಿತ್ತುಕೊಂಡು ಬಿಚ್ಚಿದ. ಹುಣಸೆ ಬೀಜದಷ್ಟು ದೊಡ್ಡ ಬೊಟ್ಟು, ನಡುವೆ ಒಂದು ಕೆಂಪು ಕಲ್ಲು. ಅವನ ಮುಖದಲ್ಲಿ ನಗು ಬಂತು. ಆ ನಗು ನಮಗೆಲ್ಲ ಗೊತ್ತು. ಅದು ಬಂದ ದಿನ ಯಾರಾದರೊಬ್ಬಳ ಕೆಲಸ ಹೋಗಿರುತ್ತದೆ.

“ನಿಂದೇ ಚಿನ್ನ! ಹಟ್ಟೀಲಿ ಗಂಜಿಗೆ ಉಪ್ಪಿಲ್ಲ, ಇವಳಿಗೆ ಚಿನ್ನ! ತಲೆ ಒಳಗ ಬಚ್ಚಿಟ್ಕಂಡು ಓಗ್ತಿದ್ದಿಯಲ್ಲೇ ಲೌಡಿ!”

ಬಚ್ಚಿಟ್ಟುಕೊಂಡಿದ್ದಲ್ಲ. ನಮ್ಮ ಬಂಡಳ್ಳಿ ಕಡೆ ತಾಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಿಲ್ಲ, ಚೀಲಕ್ಕೆ ಹಾಕಿ ಕಾಲ ಬಳಿ ಇಡುವುದಿಲ್ಲ. ಹೆತ್ತವಳು ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ತರಬೇಕು. ಬಸ್ಸಿನಲ್ಲಿ ಹೋಗುವವಳು ತಲೆಯ ಮೇಲೆ ಹೇಗೆ ಹೊರುತ್ತಾಳೆ? ತುರುಬಿನಲ್ಲಿಟ್ಟುಕೊಂಡಿದ್ದಳು. ಮಧ್ಯಾಹ್ನ ನನಗೆ ತೋರಿಸಿ ಕಣ್ಣಿಗೊತ್ತಿಕೊಂಡೇ ಕಟ್ಟಿಕೊಂಡಿದ್ದಳು.

ಚಿನ್ನವೂ ಅವಳದೇ. ಅವಳವ್ವ ಸಾಯುವಾಗ ಬಿಚ್ಚಿಕೊಟ್ಟ ಕೆಂಪಿನ ಓಲೆ ಅದು. ಮಗಳು ಮಹದೇವಿಯ ಮದುವೆ ಗೊತ್ತಾದ ಮೇಲೆ ಕಿವಿಯಿಂದ ತೆಗೆದಳು, ತೂತು ಮುಚ್ಚದಿರಲಿ ಅಂತ ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ಊಟದ ಬಿಡುವಿನಲ್ಲಿ ನಾವೆಲ್ಲ ಮುದ್ದೆ ಮುರಿಯುತ್ತಿದ್ದರೆ ಅವಳು ಊದುಗೊಳವೆ ಹಿಡಿದು ಕೂರುತ್ತಿದ್ದಳು. ನಾನೊಮ್ಮೆ, “ಸುಮ್ನ ಎಲ್ಲಾರ ಮಾಡುಸ್ಬಾರ್ದ?” ಅಂದಿದ್ದಕ್ಕೆ ಕೆಂಡವಾಗಿದ್ದಳು.

“ಕಂಡೋರ್ ಮಕ್ಕಳ ಕತ್ತಿಗೆಲ್ಲ ನಾನೇ ಮಾಡಿವ್ನಿ ಕಣೇ ರತ್ನ. ನನ್ ಮಗಳ ಕತ್ತಿಗ ಮಾತ್ರ ಇನ್ಯಾರೋ ಮಾಡದ?”

ಮೇಸ್ತ್ರಿಯನ್ನು ಮೊದಲೇ ಕೇಳಿದ್ದಳು. “ಮಾಡ್ಕವ್ವ, ಧಣಿಗೆ ನಾನ್ ಯೋಳ್ತೀನಿ” ಅಂದಿದ್ದ ನಟರಾಜು. ಚಿನ್ನ ಕರಗಿಸುವ ಮೂಸೆ ಕೊಟ್ಟವನೂ ಅವನೇ.

ಅವತ್ತೇ ಬೆಳಿಗ್ಗೆ ಹೊನ್ನೂರಿನಿಂದ ಮದುವೆ ಮನೆಯವರು ತಾಳಿ ಕೊಳ್ಳಲು ಬಂದಿದ್ದರು. ಪರದೆಯಾಚೆಯ ಮಾತು ನಮಗೆ ಚೆನ್ನಾಗಿ ಕೇಳುತ್ತಿತ್ತು. ಹೆಣ್ಣಿನ ಕಡೆಯ ಮುದುಕಿ, “ಯಾರ್ ಕೈ ಮುಟ್ಟಿದ್ದಪ್ಪ ಇದು? ಮೈಲಿಗೆ ಆಗಿರ್ಬಾರ್ದು” ಅಂದಳು.

“ಅಯ್ಯೋ ಅವ್ವ, ನಮ್ ಆಚಾರ್ರು ತಲೆಗೆ ನೀರಾಕಂಡು, ಮಡಿ ಉಟ್ಕಂಡು, ಉಪಾಸ ಇದ್ದು ಮಾಡೋದು” ಅಂದ ರುದ್ರಸ್ವಾಮಿ. ಪರದೆಯೀಚೆ ಪುಟ್ಟಮಾದಮ್ಮ ಸೆರಗು ಬಾಯಿಗಿಟ್ಟುಕೊಂಡು ನಗು ತಡೆದಳು. ಆ ತಾಳಿಗೆ ಕೊನೆಯ ಮೆರುಗು ಕೊಟ್ಟವಳು ಅವಳೇ, ಅದೂ ಬೆಳಿಗ್ಗೆ ಹುರುಳಿ ಸಾರಿನಲ್ಲಿ ಉಂಡುಬಂದು.

ಈಗ ನಗು ಇರಲಿಲ್ಲ.

“ನನ್ ಕಿವಿ ನೋಡಿ ಬುದ್ದಿ” ಎಂದು ಅವಳು ತುರುಬು ಬಿಚ್ಚಿ, ಕೂದಲು ಸರಿಸಿ ಬೇವಿನ ಕಡ್ಡಿ ತೋರಿಸಿದಳು. “ನಮ್ಮವ್ವುನ್ ಓಲೆ ಇದು. ನಟರಾಜಣ್ಣುನ್ನೂ ಕೇಳಿ. ನಟರಾಜಣ್ಣ, ನೀನಾರ ಯೋಳು.”

ನಟರಾಜು ಗ್ಯಾಸ್ ಒಲೆಯ ಹತ್ತಿರ ನಿಂತು ಇಕ್ಕಳ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ನಂಗೇನ್ ಗೊತ್ತವ್ವ” ಅಂದ. “ನಾನು ನೋಡ್ನಿಲ್ಲ.”

ನನಗೆ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. “ಸುಳ್ಳು ಬೊಗಳ್ಬ್ಯಾಡ ಕಣಣ್ಣ, ಮೂಸೆ ಕೊಟ್ಟೋನು ನೀನೇಯ” ಅಂದೆ. ರುದ್ರಸ್ವಾಮಿ ನನ್ನ ಕಡೆ ತಿರುಗಿದ.

“ನೀನೂ ಪಾಲುಗಾತೀನ? ಬಾಯಿ ಮುಚ್ಚಲೇ! ನಟರಾಜು, ಇದ ಮೂಸೆಗಾಕು. ಕರಗ್ಸು.”

“ಬ್ಯಾಡಿ ಬುದ್ದಿ!” ಪುಟ್ಟಮಾದಮ್ಮ ಅವನ ಕಾಲ ಬಳಿ ಕುಕ್ಕರಿಸಿದಳು. “ಮುಂದ್ಲು ವಾರ ಮದ್ವ. ಬೀಗರ್ಗೆ ಯೋಳ್ಬುಟ್ಟಿವ್ನಿ. ದುಡುದು ತೀರಿಸ್ತೀನಿ, ಅದ ಒಂದ ಬುಟ್ಬುಡಿ.”

“ದೂರ! ಮುಟ್ಬ್ಯಾಡ ನನ್ನ” ಎಂದು ಅವನು ಕಾಲು ಎಳೆದುಕೊಂಡ. “ಕರೀಮಣಿ ಕಟ್ಕಳ್ಲಿ ನಿನ್ ಮಗಳು. ನಿಮ್ ಕೇರಿಯೋರ್ಗೆ ಅದೇ ಜಾಸ್ತಿ.”

ಒಲೆ ಭುಸ್ ಎಂದು ಹೊತ್ತಿಕೊಂಡಿತು. ನಾವೆಲ್ಲ ನೋಡುತ್ತಲೇ ನಿಂತಿದ್ದೆವು. ಕೆಂಪು ಕಲ್ಲು ಬಡವರದು, ಕಾವು ತಾಗಿದ ಕೂಡಲೇ ಟಪ್ಪೆಂದು ಒಡೆಯಿತು. ಬೊಟ್ಟಿನ ಅಂಚು ಮೆತ್ತಗಾಗಿ, ಕುಸಿದು, ಉರುಟಾಯಿತು. ತಾಳಿ ಮಾಡಲು ಎಷ್ಟೋ ಮಧ್ಯಾಹ್ನ ಬೇಕಾಗಿತ್ತು, ಕರಗಲು ಬೀಡಿ ಸೇದುವಷ್ಟು ಹೊತ್ತೂ ಬೇಕಾಗಲಿಲ್ಲ. ಪುಟ್ಟಮಾದಮ್ಮ ಅಳಲಿಲ್ಲ. ಬಿಚ್ಚಿದ ಕೂದಲು ಬೆನ್ನ ಮೇಲೆ ಹಾಗೇ ಹರಡಿತ್ತು, ಕಟ್ಟಿಕೊಳ್ಳಲೂ ಇಲ್ಲ.

ರುದ್ರಸ್ವಾಮಿ ಎದ್ದು ಮೂಸೆಯೊಳಗೆ ಇಣುಕಿ ನೋಡಿದ. ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ಹಿಂಬಾಗಿಲು ತೆರೆದ.

“ನಾಳಿಂದ ಬರ್ಬ್ಯಾಡ. ಕೈ ತೊಳ್ಕಂಡು ತೊಲಗು.”

ಅವಳು ಬಾನಿಯ ಹತ್ತಿರ ಹೋದಳು. ಬಗ್ಗಿದಳು. ತೊಳೆಯುತ್ತಾಳೆ ಅಂದುಕೊಂಡೆ. ಅವಳು ಬಾನಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಲು ನೋಡಿದಳು. ಅದು ಅಲುಗಾಡಿತಷ್ಟೇ. ತಿಂಗಳ ನೀರು, ಒಬ್ಬಳಿಂದ ಆಗುವ ಭಾರವಲ್ಲ. ಅವಳು ನನ್ನತ್ತ ನೋಡಿದಳು. ನಾನು ಹೋಗಿ ಇನ್ನೊಂದು ಕಡೆ ಹಿಡಿದೆ. ಯಾಕೆ ಹಿಡಿದೆ ಅಂತ ಕೇಳಿದರೆ ಈಗಲೂ ಹೇಳುತ್ತೇನೆ, ಖುಷಿಯಿಂದ ಹಿಡಿದೆ.

“ಏಯ್! ಏಯ್! ಬಿಡ್ರೇ!”

ಬಾನಿ ಹೊಸಲಿನ ಮೇಲೆ ಮಗುಚಿತು. ಹಿಂಬಾಗಿಲ ಎದುರಿಗೇ ಪೇಟೆಯ ಚರಂಡಿ. ನಾವೆಲ್ಲ ತಿಂಗಳಿಡೀ ತೊಳೆದ ಕೈಕಾಲಿನ ನೀರು, ಅಡಿಯ ಕಪ್ಪು ಕೆಸರಿನ ಸಮೇತ ಹೋಟೆಲಿನ ಮುಸುರೆ, ಕಕ್ಕಸಿನ ಕೊಳೆಯ ಮೇಲೆ ದಬದಬನೆ ಬಿತ್ತು. ಇನ್ನೆರಡು ದಿನಕ್ಕೆ ಅಮಾವಾಸ್ಯೆ ಇತ್ತು.

ರುದ್ರಸ್ವಾಮಿ ಚರಂಡಿಗೇ ಹಾರಿದ. ಬಿಳಿ ಪಂಚೆ ಮೊಣಕಾಲಿನವರೆಗೆ ಕಪ್ಪಾಯಿತು. ಹರಿಯುವ ನೀರಿಗೆ ಎರಡೂ ತೋಳು ಅಡ್ಡ ಹಾಕಿ, ಕೈಗೆ ಸಿಕ್ಕ ಹೊಲಸನ್ನೆಲ್ಲ ಬಾಚಿ ಬಾಚಿ ದಂಡೆಗೆ ಹಾಕತೊಡಗಿದ. ನಟರಾಜು ಬಕೆಟ್ಟು ತಂದು ಅವನೂ ಇಳಿದ.

“ಪೊಲೀಸ್ರಿಗ್ ಕೊಡ್ತೀನಿ ನಿಮ್ಮುನ್ನ, ಬೋಳಿಮುಂಡೇರಾ! ಕೈ ತೊಳೀರೇ! ಕೈ ತೊಳೀದೆ ಓಗ್ಬ್ಯಾಡಿ!”

“ಮೊದ್ಲು ನೀ ತೊಳ್ಕ ಸಾಮಿ” ಅಂದಳು ಪುಟ್ಟಮಾದಮ್ಮ.

ಹಿಂಬಾಗಿಲಲ್ಲಿ ಅವರಿಬ್ಬರೂ ಇದ್ದುದರಿಂದ ನಾವಿಬ್ಬರು ಪರದೆ ಸರಿಸಿ ಅಂಗಡಿಯ ಮೂಲಕವೇ ಹೊರಟೆವು. ಅದುವರೆಗೆ ಆ ನೆಲವನ್ನು ನಾವು ಮೆಟ್ಟಿರಲಿಲ್ಲ. ಒಡವೆ ನೋಡುತ್ತಿದ್ದ ಹೆಂಗಸರು ಕೈಯಲ್ಲಿದ್ದ ಸರ ಹಾಗೇ ಹಿಡಿದುಕೊಂಡು ನಮ್ಮನ್ನು ನೋಡಿದರು. ಅರದ ಮಸಿ ಮೆತ್ತಿದ ಸೀರೆ, ಬಿಚ್ಚಿದ ಕೂದಲು. ಒಬ್ಬಳು, “ಯಾರಿವರು?” ಅಂದಳು.

“ನಿಮ್ ಆಚಾರ್ರು ಕಣವ್ವ” ಅಂದಳು ಪುಟ್ಟಮಾದಮ್ಮ, ನಿಲ್ಲದೆ.

ಬಸ್‌ಸ್ಟ್ಯಾಂಡಿನಲ್ಲಿ ನಾನು ತಿರುತಿರುಗಿ ಪೇಟೆಯ ದಾರಿಯನ್ನೇ ನೋಡುತ್ತಿದ್ದೆ. “ನಾಳ ಪೊಲೀಸ್ರು ಬತ್ತರ ಕಣಕ್ಕ” ಅಂದೆ. ಅವಳು ತನ್ನ ಅಂಗೈಗಳನ್ನು ಬಿಡಿಸಿ ನೋಡುತ್ತಿದ್ದಳು. ಗೆರೆಗಳ ಸಂದಿಯಲ್ಲಿ, ಉಗುರ ಬುಡದಲ್ಲಿ ಹಳದಿ ಪುಡಿ ಮಿನುಗುತ್ತಿತ್ತು.

“ಇದ್ರಲ್ಲಿ ತಾಳಿ ಪಕ್ಕದ ಒಂದು ಗುಂಡೂ ಆಗಕಿಲ್ಲ” ಅಂದಳು. “ಆದ್ರೂ ಇದ ಮಗಳ ಮುಂದೆನೇ ತೊಳೀಬೇಕು.”

ಬಂಡಳ್ಳಿ ಬಸ್ಸು ತುಂಬಿತ್ತು, ಕೂರಲು ಜಾಗವಿರಲಿಲ್ಲ. ಕಂಡಕ್ಟರ್ ಬಂದು ಆಧಾರ್ ತೋರಿಸು ಅಂದ. ಅವಳು ಮುಷ್ಟಿ ಬಿಚ್ಚಲಿಲ್ಲ. ನಾನೇ ಅವಳ ಚೀಲದಿಂದ ಕಾರ್ಡು ತೆಗೆದು ತೋರಿಸಿ ಚೀಟಿ ಇಸಿದುಕೊಂಡೆ. ಹಳ್ಳ ದಿಣ್ಣೆಗಳಲ್ಲಿ ಬಸ್ಸು ಎತ್ತಿ ಹಾಕುತ್ತಿತ್ತು. ಅವಳು ಅವರಿವರ ಮೈಗೆ ಬಡಿದುಕೊಳ್ಳುತ್ತ, ಬೈಸಿಕೊಳ್ಳುತ್ತ, ಕಂಬಿ ಹಿಡಿಯದೆ ಎರಡೂ ಮುಷ್ಟಿ ಮುಚ್ಚಿಕೊಂಡೇ ಊರಿನವರೆಗೆ ನಿಂತಿದ್ದಳು.