ಬೀದಿ ಹಿಡಿದು ಬಂದ ಚಳಿ

ಸಮುದ್ರದಿಂದ ಬಲು ದೂರದ ಆ ಸೀಮೆಯಲ್ಲಿ ಬಿಸಿಲಿಗೆ ಹೇಳುವವರು ಕೇಳುವವರು ಇರಲಿಲ್ಲ. ಬೇಸಿಗೆಯೇ ಐದು ತಿಂಗಳು. ಆಮೇಲೆ ಧೂಳಿನ ಗಾಳಿ, ಬಂದರೆ ಬಂತು ಎನ್ನುವ ಮಳೆ, ಕೊನೆಗೆ ಹೊದಿಕೆ ಹುಡುಕಿ ಕೊಡವುವಷ್ಟರಲ್ಲಿ ಮುಗಿದೇಹೋಗುವ ಚಳಿಗಾಲ. ಇದನ್ನೆಲ್ಲ ಅಳೆದು ಬರೆದಿಡುತ್ತಿದ್ದವಳು ಪಂಪ್ ಮೆಕ್ಯಾನಿಕನ ಹೆಂಡತಿ. ಕೃಷಿ ಕಚೇರಿಯ ಹಿಂದಿನ ಬೇಲಿಯೊಳಗೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು, ಬೆಳಿಗ್ಗೆ ಎಂಟೂವರೆಗೊಮ್ಮೆ ಸಂಜೆ ಐದೂವರೆಗೊಮ್ಮೆ ಥರ್ಮಾಮೀಟರ್ ನೋಡುವುದು ಅವಳ ಕೆಲಸ. ಬಿ.ಎ. ಕಡೆಯ ವರ್ಷದಲ್ಲಿ ಫೇಲಾದವಳನ್ನು ಬೀದಿಯವರೆಲ್ಲ ಡಿಗ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಸರವಿರಲಿಲ್ಲ.

ಪಾದರಸ ನಲವತ್ತಮೂರು ಮುಟ್ಟಿದ ವಾರದಲ್ಲಿ ಬೀದಿಯ ಮೊದಲ ಮನೆಯ ಟೈಲರ್ ಅವಳನ್ನು ಹುಡುಕಿಕೊಂಡು ಬಂದ. ಹನ್ನೊಂದು ಗಂಟೆಯಿಂದ ಮನೆಯ ಮುಂದಿನ ಕೋಣೆಯ ತನ್ನ ಅಂಗಡಿಯಲ್ಲಿ ಚಳಿ, ಹೊಲಿಯುವ ಕೈ ಮರಗಟ್ಟುತ್ತಿದೆ ಎಂದ. ತಲೆಗೆ ಬಿಸಿಲು ಏರಿರಬೇಕು ಎಂದುಕೊಂಡು ಹೋದವಳಿಗೆ ಹೊಸ್ತಿಲಲ್ಲೇ ಮೈ ಜುಮ್ಮೆಂದಿತು. ಕತ್ತರಿಯ ಮೇಲೆ ಹಬೆ ಕಟ್ಟಿತ್ತು.

ಮರುದಿನ ಟೈಲರ್ ಮನೆ ಎಂದಿನಂತೆ ಕಾದ ಕಾವಲಿ. ಚಳಿ ಪಕ್ಕದ ಗಡಿಯಾರ ರಿಪೇರಿಯವನ ಮನೆಗೆ ಹೋಗಿತ್ತು. ಅದರ ಮರುದಿನ ನರ್ಸಮ್ಮನ ಮನೆಗೆ. ಜನ ಬಿಡುತ್ತಾರೆಯೇ? ಚಾಪೆ, ದಿಂಬು ಹೊತ್ತು ಬಂದು ನಡುಮನೆಯಲ್ಲಿ ಉರುಳಿಕೊಂಡರು. ನಾಲ್ಕನೆಯ ಮನೆಯ ನಿವೃತ್ತ ಬಸ್ ಕಂಡಕ್ಟರ್, ನಾಳೆ ತನ್ನ ಸರದಿ, ಯಾರೂ ನುಗ್ಗಬಾರದು, ಕ್ಯೂನಲ್ಲಿ ಬರಬೇಕು ಎಂದು ಮುಂಚೆಯೇ ಎಚ್ಚರಿಕೆ ಕೊಟ್ಟ.

ಡಿಗ್ರಿ ಅಕ್ಕ ಮಾತ್ರ ಕಚೇರಿಯ ಹಳೆಯ ಥರ್ಮಾಮೀಟರ್ ಹಿಡಿದು ನರ್ಸಮ್ಮನ ಮನೆಯನ್ನು ಮೂಲೆ ಮೂಲೆ ಅಳೆದಳು. ಚಳಿ ಇಡೀ ಮನೆಯಲ್ಲಿರಲಿಲ್ಲ. ಇದ್ದದ್ದು ಒಂದೇ ಕಡೆ, ಮೂರು ಗೇಣು ಜಾಗದಲ್ಲಿ. ಸುತ್ತಲಿನವರಿಗೆ ತಾಗುತ್ತಿದ್ದದ್ದು ಅದರ ಸೋಕು. ಆ ಜಾಗ ಸುಮ್ಮನೆ ಇರುತ್ತಲೂ ಇರಲಿಲ್ಲ. ನಡುಮನೆಯಿಂದ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ, ಯಾರನ್ನೋ ಹುಡುಕುವವರಂತೆ ನಿಧಾನಕ್ಕೆ ಸರಿಯುತ್ತಿತ್ತು. ಅವಳು ಥರ್ಮಾಮೀಟರನ್ನು ತಲೆಯ ಮಟ್ಟಕ್ಕೆ ಎತ್ತಿದಳು. ಮೂವತ್ತೊಂಬತ್ತು. ಎದೆಯ ಮಟ್ಟಕ್ಕೆ ಇಳಿಸಿದಳು. ನಾಲ್ಕು.

ನರ್ಸಮ್ಮ ಇದನ್ನು ನೋಡುತ್ತ ನಿಂತಿದ್ದಳು. ಎಷ್ಟೋ ವರ್ಷ ಶಾಲೆಗಳಿಗೆ ಹೋಗಿ ಮಕ್ಕಳ ಎತ್ತರ ಅಳೆದವಳು. ಅಂಗೈಯನ್ನು ಚಳಿ ಮುಗಿಯುವ ಮಟ್ಟದಲ್ಲಿ ಹಿಡಿದು ನೋಡಿದಳು.

"ಏಳೆಂಟು ವರ್ಷದ್ದು ಇರ್ಬೇಕು" ಎಂದಳು.

ಮಲಗಿದ್ದವರು ಒಬ್ಬೊಬ್ಬರಾಗಿ ಚಾಪೆ ಸುತ್ತಿಕೊಂಡು ಎದ್ದರು. ಕಂಡಕ್ಟರ್ ಮಾರನೆಯ ದಿನ ಮನೆಗೆ ಬೀಗ ಹಾಕಿ ಮಗಳ ಊರಿಗೆ ಹೊರಟುಬಿಟ್ಟ. ಬೀಗದಿಂದ ಅದಕ್ಕೇನೂ ಅಡ್ಡಿಯಾಗಲಿಲ್ಲ. ಆ ದಿನ ಅವನ ಕಿಟಕಿಯ ಗಾಜಿನ ಮೇಲೆ, ಒಳಗಿನಿಂದ, ಇಬ್ಬನಿ ಕೂತಿತ್ತು.

ಐದನೆಯದು ಡಿಗ್ರಿ ಅಕ್ಕನ ಮನೆ.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಮಂಚದ ಮೇಲಿದ್ದ ಅತ್ತೆಯ ಕಿವಿಗೂ ಬಿತ್ತು. ಪಾರ್ಶ್ವವಾಯು ಹೊಡೆದ ಮೇಲೆ ಅತ್ತೆಯ ಮಾತು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿರಲಿಲ್ಲ. ಈಗ ತಾವಾಗಿಯೇ ಕೇಳಿದರು, ಅದು ಯಾವ ಕಡೆಯಿಂದ ಬರುತ್ತಿದೆ ಎಂದು. ಟೈಲರ್ ಮನೆ ಕಡೆಯಿಂದ ಎಂದಳು ಸೊಸೆ.

"ಆಗ ನಮ್ಮ ಬಾಗಿಲು ಹಿಂದಿನ ಓಣಿಗಿತ್ತು" ಎಂದರು ಅತ್ತೆ. "ರಸ್ತೆ ಆದ್ಮೇಲೆ ಈ ಕಡೆ ತಿರುಗಿಸಿದ್ದು. ಪಾಪ, ಅವಳಿಗೆ ಮನೆ ಗುರುತು ಸಿಕ್ತಿಲ್ಲ."

ಆಮೇಲೆ ತೊದಲುತ್ತ, ಉಸಿರು ತೆಗೆದುಕೊಳ್ಳುತ್ತ ಹೇಳಿದರು. ನಲವತ್ತಾರು ವರ್ಷದ ಹಿಂದಿನ ಚಳಿಗಾಲ. ಹೊಲದಲ್ಲಿ ಹಿಮ ಬಿದ್ದು ಬೆಳೆಯೆಲ್ಲ ಸುಟ್ಟಂತೆ ಕಪ್ಪಾದ ವರ್ಷ. ಎಂಟು ವರ್ಷದ ಮಗಳು ಹಾಲಿನ ಪಾತ್ರೆ ಉರುಳಿಸಿದ್ದಳು. ಬುದ್ಧಿ ಬರಲಿ ಎಂದು ಮುಸ್ಸಂಜೆಯಲ್ಲಿ ಅವಳನ್ನು ಹೊರಗೆ ತಳ್ಳಿ ಚಿಲಕ ಹಾಕಿದರು. ಹುಡುಗಿ ಬಾಗಿಲು ಬಡಿದಳು, ಆಮೇಲೆ ಸುಮ್ಮನಾದಳು. ಪಕ್ಕದ ಮನೆಗೆ ಹೋಗಿರಬೇಕು ಎಂದುಕೊಂಡರು ತಾಯಿ. ಬೆಳಗಿನ ಜಾವ ಬಾಗಿಲು ತೆಗೆದು ನೋಡಿದರೆ ಹೊಸ್ತಿಲಲ್ಲೇ ಮುದುಡಿ ಕೂತಿದ್ದಳು. ಮೂರು ದಿನ ಜ್ವರ, ಅಷ್ಟೆ. ಗಂಡನಿಗೊಬ್ಬ ಅಕ್ಕ ಇದ್ದಳು, ಜ್ವರದಲ್ಲಿ ಹೋದಳು ಎಂಬುದಷ್ಟೇ ಸೊಸೆಗೆ ಗೊತ್ತಿತ್ತು.

"ಇವನಿಗೆ ಆಗ ಆರು ವರ್ಷ. ನಿದ್ದೆ ಮಾಡ್ತಿದ್ದ" ಎಂದರು ಅತ್ತೆ.

ಮಗ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದುಹೋದ.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಒಳಗೂ ಬರಲಿಲ್ಲ, ಹಿತ್ತಿಲಲ್ಲಿ ಕೆಟ್ಟ ಮೋಟಾರೊಂದನ್ನು ಬಿಚ್ಚಿ ಹರಡಿಕೊಂಡು ಕೂತ. ಹತ್ತೂವರೆಗೆ ಅತ್ತೆ ತಮ್ಮನ್ನು ಬಾಗಿಲ ಹತ್ತಿರ ಕೂರಿಸಲು ಹೇಳಿದರು. ಸೊಸೆ ಕುರ್ಚಿ ಹಾಕಿ ಎತ್ತಿ ಕೂರಿಸಿದಳು, ಎರಡೂ ಕದಗಳನ್ನು ಹಾರುಹೊಡೆದಳು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಿಸಿಲು ಬಿಳಿಯ ಗೋಡೆಯಂತೆ ನಿಂತಿತ್ತು.

ಹನ್ನೊಂದಕ್ಕೆ ಅತ್ತೆಯ ಸೆರಗಿನ ಅಂಚು ಬಿರುಸಾಯಿತು.

"ಇದೇ ಮನೆ ಕಣೇ" ಎಂದರು ಅತ್ತೆ. "ಒಳಗೆ ಬಾ."

ಚಳಿ ಬಂತು. ಈ ಸಲ ಅದು ಕೋಣೆ ಕೋಣೆ ಅಲೆಯಲಿಲ್ಲ. ಅತ್ತೆಯ ಮಡಿಲಲ್ಲಿ ನಿಂತುಬಿಟ್ಟಿತು. ಅವರ ಬಾಯಿಂದ ಹಬೆ ಹೊರಟಿತು, ತುಟಿ ನೀಲಿಗಟ್ಟಿತು. ಸೊಸೆ ಕಂಬಳಿ ತಂದರೆ ತಲೆಯಾಡಿಸಿ ಬೇಡವೆಂದರು. ಸ್ವಾಧೀನವಿದ್ದ ಒಂದು ಕೈಯಿಂದ ಗಾಳಿಯನ್ನು, ಜಡೆ ನೇವರಿಸುವಂತೆ, ಮೇಲಿನಿಂದ ಕೆಳಕ್ಕೆ ನೇವರಿಸುತ್ತಿದ್ದರು. ಹೀಗೇ ಒಂದು ಗಂಟೆ, ಎರಡು ಗಂಟೆ. ಇನ್ನು ಈ ಜೀವ ತಡೆಯುವುದಿಲ್ಲ ಅನ್ನಿಸಿ ಡಿಗ್ರಿ ಅಕ್ಕ ಗಂಡನನ್ನು ಕರೆದಳು.

ಅವನು ಗ್ರೀಸ್ ಕೈಯಲ್ಲೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅಲ್ಲಿಂದ ಮುಂದೆ ಹೆಜ್ಜೆ ಬರಲಿಲ್ಲ.

"ನಾನು ನಿದ್ದೆ ಮಾಡ್ತಿರ್ಲಿಲ್ಲಮ್ಮ" ಎಂದ. "ಅವಳು ನನ್ ಹೆಸರು ಹಿಡಿದು ಕರೆದ್ಲು. ಚಿಲಕ ನನಗೆ ಎಟುಕ್ತಿತ್ತು. ನೀನು ಹೊಡೀತೀಯ ಅಂತ ಸುಮ್ನಿದ್ದೆ."

ಅತ್ತೆಯ ಕೈ ತಡೆದು ನಿಂತಿತು. ಅವರ ಬಾಯಿಯ ಹಬೆ ಮೆಲ್ಲಗೆ ತೆಳ್ಳಗಾಗಿ ಇಲ್ಲವಾಯಿತು. ಆಗ ಡಿಗ್ರಿ ಅಕ್ಕ ಕಂಡದ್ದು, ಗಂಡನ ಕಾಲ ಬಳಿಯ ನೆಲ ಒದ್ದೆಯಾಗಿ ಹೊಳೆಯುತ್ತಿದ್ದುದನ್ನು. ಅವನು ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಮುಂದೆ ಚಾಚಿದ. ಐವತ್ತೆರಡು ವರ್ಷದ ಗಂಡಸು, ಹಲ್ಲು ಕಟಕಟಿಸುತ್ತ, ಅತ್ತ. ಬಿಸಿಲು ವಾಲುವವರೆಗೂ ಆ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಚಳಿ ಆರನೆಯ ಮನೆಗೆ ಹೋಗಲಿಲ್ಲ. ಕಂಡಕ್ಟರ್ ವಾಪಸು ಬಂದ. ಅತ್ತೆ ಬದುಕಿಕೊಂಡರು, ಆ ವರ್ಷದ ಮಳೆಯನ್ನೂ ನೋಡಿದರು. ಗಂಡನ ಬೆರಳ ತುದಿಗಳು ಮಾತ್ರ ಕಪ್ಪಿಟ್ಟು, ಸಿಪ್ಪೆ ಸುಲಿದು, ಅವನಿಗೆ ತಿಂಗಳುಗಟ್ಟಲೆ ಸ್ಪ್ಯಾನರ್ ಹಿಡಿಯಲು ಬರಲಿಲ್ಲ. ಆ ತಿಂಗಳುಗಳಲ್ಲಿ ಅವನು ಜಗಲಿಯ ಮೇಲೆ ಕೂತು ಅಕ್ಕನ ವಿಷಯ ಹೇಳತೊಡಗಿದ. ಸಿಳ್ಳೆ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲವಂತೆ. ಇವನನ್ನು ಬೆನ್ನ ಮೇಲೆ ಹೊತ್ತು ಕಾಲುವೆ ದಾಟಿಸುತ್ತಿದ್ದಳಂತೆ. ಹೆಂಡತಿ ಕೇಳುತ್ತ ಕೂರುತ್ತಿದ್ದಳು. ಒಳಗಿನಿಂದ ಅತ್ತೆ ಆಗಾಗ ಅವನು ಮರೆತದ್ದನ್ನು ಸೇರಿಸುತ್ತಿದ್ದರು.