ಬೋಳು ಇಳಿಜಾರು

ಮಳೆ ಜಾಸ್ತಿ ಬೀಳುವ ಊರಿನವರಿಗೆ ಮಣ್ಣಿನ ಬುದ್ಧಿ ಇರುವುದಿಲ್ಲ ಎಂಬುದು ಹಲ್ಲೂಮಾಳ ಗಟ್ಟಿ ನಂಬಿಕೆ. ಟುನೀಸಿಯಾದ ಸೂಸ್ ಪಟ್ಟಣದಾಚೆ, ಇಳಿಜಾರಿನ ಬುಡದಲ್ಲಿ ಅವಳವು ಹದಿಮೂರು ಆಲಿವ್ ಮರ. ಬಾವಿಯಿಲ್ಲ, ಕಾಲುವೆಯಿಲ್ಲ. ಮೇಲಿನ ಬೋಳು ನೆಲವನ್ನು ತಾತಂದಿರ ಕಾಲದಿಂದ ಯಾರೂ ಉತ್ತಿರಲಿಲ್ಲ. ಅದು ಕಲ್ಲಿನಂತೆ ಗಟ್ಟಿಯಿದ್ದರೇನೇ ವರ್ಷದ ನಾಲ್ಕು ಮಳೆ ಕೆಳಗೆ ಜಾರಿ ಬಂದು ಮರಗಳ ಪಾತಿ ತುಂಬುವುದು. ಊರಿನ ಕತ್ತೆಗಳಿಗೂ ಗೊತ್ತಿದ್ದ ವಿಷಯ ಇದು.

ಗೊತ್ತಿಲ್ಲದವನು ಲಝಾರ್ ಒಬ್ಬನೇ. ಮಳೆ ಸುರಿಯುವ ಉತ್ತರದ ಐನ್ ದ್ರಾಹಮ್‌ನ ಕಾಡುಬೆಟ್ಟದಲ್ಲಿ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಹಲ್ಲೂಮಾಳ ಮೈದುನನ ಮಗ ಆ ಬೋಳು ನೆಲವನ್ನು ಅವನ ತಲೆಗೆ ಕಟ್ಟಿ ಊರು ಬಿಟ್ಟಿದ್ದ. ಮೇಷ್ಟ್ರು ಮನೆಯ ಹಿತ್ತಲಲ್ಲಿ ಸೊಪ್ಪು ನೆಟ್ಟ, ಗುಲಾಬಿ ನೆಟ್ಟ. ಜೂನ್ ಹೊತ್ತಿಗೆ ಎಲ್ಲ ಹಪ್ಪಳವಾಗಿತ್ತು.

"ಅಕ್ಕಾ, ಏನ್ ನೆಟ್ರೂ ಸುಟ್ಟು ಹೋಗ್ತಿದೆ. ಏನ್ ಮಾಡ್ಲಿ?" ಎಂದು ಕೇಳಿದ. ಹಲ್ಲೂಮಾ ಅಕ್ಕಪಕ್ಕದ ಹೆಂಗಸರ ಜೊತೆ ಮೆಣಸಿನಕಾಯಿ ಒಣಗಿಸಲು ಪೋಣಿಸುತ್ತಿದ್ದಳು.

"ಬೇಸಿಗೇಲಿ ಇಲ್ಲಿ ದೇವರೂ ಸೊಪ್ಪು ನೆಡಲ್ಲ ಮೇಷ್ಟ್ರೇ. ಈಗ ಅಗೀರಿ. ಹಿತ್ತಲಲ್ಲ, ಇಡೀ ಇಳಿಜಾರು. ಮೊಣಕಾಲುದ್ದ ಗುಂಡಿ ತೋಡಿ, ಸುತ್ತ ಬದು ಹಾಕಿ, ಮಳೆ ಬಂದ್ಮೇಲೆ ನೆಡಿ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಸೀಮೆಸುಣ್ಣ ಹಿಡಿದ ಕೈ ಮೂರು ದಿನ ತಾಳುವುದಿಲ್ಲ ಎಂದು ಹಲ್ಲೂಮಾ ಲೆಕ್ಕ ಹಾಕಿದ್ದಳು.

ತಾಳಿತು. ದಿನಾ ಬೆಳಗ್ಗೆ ಮೇಷ್ಟ್ರು ಗುದ್ದಲಿ ಹಿಡಿದು ಹತ್ತುತ್ತಿದ್ದ. ಮೊದಲು ಹಲ್ಲೂಮಾ ನಕ್ಕಳು. ಅರ್ಧ ಇಳಿಜಾರು ಮುಗಿದಾಗ ನಗು ನಿಂತಿತು. ಬೇಡ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಸುಳ್ಳು ಹೇಳಿದೆ ಎಂದು ಈ ದಡ್ಡನ ಮುಂದೆ ಒಪ್ಪಿಕೊಳ್ಳುವುದೇ? ಅವಳಿಗೆ ಮೈಯೆಲ್ಲ ಉರಿಯಿತು. ಇವತ್ತು ಬಿಡುತ್ತಾನೆ, ನಾಳೆ ಬಿಡುತ್ತಾನೆ ಎಂದು ಸೆಪ್ಟೆಂಬರ್ ಕಳೆಯಿತು.

ಅಕ್ಟೋಬರಿನಲ್ಲಿ ಮಳೆ ಬಂತು, ಹೋದ ವರ್ಷಕ್ಕಿಂತ ಚೆನ್ನಾಗಿಯೇ ಬಂತು. ಹಲ್ಲೂಮಾ ಮರಗಳ ಬುಡಕ್ಕೆ ಓಡಿದಳು. ಪಾತಿಗಳಲ್ಲಿ ಮೇಲ್ಮಣ್ಣು ಮಾತ್ರ ಒದ್ದೆ. ಬೆರಳು ಹಾಕಿದರೆ ಒಳಗೆ ಬರೀ ಧೂಳು.

ಬೈಗುಳ ಜೋಡಿಸಿಕೊಳ್ಳುತ್ತ ಮೇಲೆ ಹತ್ತಿದಳು. ಮೇಷ್ಟ್ರು ತುಂಬಿದ ಗುಂಡಿಗಳ ನಡುವೆ ತೊಯ್ದು ನಿಂತಿದ್ದ.

"ನೋಡಿ ಅಕ್ಕಾ, ಒಂದು ಹನೀನೂ ಕೆಳಗಿಳೀಲಿಲ್ಲ! ನೀವು ಹೇಳ್ದಂಗೇ ಮಾಡ್ದೆ. ಈ ಊರಲ್ಲಿ ನಂಗೆ ಬುದ್ಧಿ ಹೇಳಿದ್ದು ನೀವೊಬ್ರೇ."

ಅವನ ಅಂಗೈ ತುಂಬ ಒಡೆದ ಬೊಬ್ಬೆಗಳು.

"ಸುಳ್ಳು ಹೇಳ್ದೆ ಮೇಷ್ಟ್ರೇ," ಎಂದಳು. "ನಿಮ್ಮನ್ನ ಆಡ್ಕೊಳ್ಳೋಕೆ ಹೇಳ್ದೆ. ಈ ನೆಲ ಮುಟ್ಟಬಾರ್ದು. ಇಲ್ಲಿ ಜಾರೋ ನೀರೇ ನನ್ ಮರಕ್ಕೆ ಬರೋದು."

ಮೇಷ್ಟ್ರು ಕೆಳಗಿನ ಹದಿಮೂರು ಮರಗಳನ್ನು ನೋಡಿದ. ರೇಗಲಿಲ್ಲ. ಒಂದು ಗುದ್ದಲಿ ತಾನು ಹಿಡಿದು ಇನ್ನೊಂದನ್ನು ಅವಳ ಕೈಗೆ ಕೊಟ್ಟ. ಇಬ್ಬರೂ ಮೊದಲ ಗುಂಡಿಗೆ ಮಣ್ಣು ಎಳೆಯತೊಡಗಿದರು.

"ಮುಚ್ಚಿದ್ರೆ ಮೊದಲಿನಷ್ಟು ಗಟ್ಟಿ ಆಗೋಕೆ ಎಷ್ಟು ದಿನ ಬೇಕು ಅಕ್ಕಾ?"

"ನನ್ನ ಆಯಸ್ಸು ಸಾಲಲ್ಲ," ಎಂದಳು ಹಲ್ಲೂಮಾ.