ಸಿಡಿಲಣ್ಣನಿಗೆ ಎರಡು ಸೈಜು

ಸಿಡಿಲು ಸೂರ್ಯಕಾಂತನ ಹೊಸ ಸಿನಿಮಾ ದೀಪಾವಳಿಗೆ ಬರುತ್ತದೆ ಎಂದು ಗೊತ್ತಾದ ದಿನದಿಂದ ಗೋಕುಲ ರಸ್ತೆಯ ಎರಡು ಅಭಿಮಾನಿ ಸಂಘಗಳು ಒಂದನ್ನೊಂದು ಕಣ್ಣಲ್ಲೇ ಸುಡುತ್ತಿದ್ದವು. ಒಂದಕ್ಕೆ ಲೇಥ್ ಶಾಪಿನ ಕಲ್ಲೇಶ ಅಧ್ಯಕ್ಷ, ಇನ್ನೊಂದಕ್ಕೆ ಹತ್ತಿ ವ್ಯಾಪಾರಿಯ ಮಗ ಗುರುಪಾದ. ಹೋದ ಸಲ ಇಬ್ಬರೂ ಕಟೌಟಿನ ಮುಂದೆ ಹಾಲಿನ ಕೊಡದಿಂದಲೇ ಬಡಿದಾಡಿ ಥೇಟರಿನ ಗಾಜು ಒಡೆದಿದ್ದರು. ಈ ಸಲ ಮಾಲೀಕ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: ಕಟೌಟಿನ ಪಕ್ಕ ಒಂದೇ ಸಂಘದ ಬೋರ್ಡು, ನಟನ ಸಹಿ ಇರುವ ಫೋಟೊ ಮೊದಲು ತಂದವರದು.

ಕಲ್ಲೇಶನಿಗೆ ಆ ಬೋರ್ಡು ಬೇಕೇ ಬೇಕಿತ್ತು. ಅವನ ಸಂಘವೆಂದರೆ ಹನ್ನೊಂದು ಹುಡುಗರು. ಬೋರ್ಡು ತಪ್ಪಿದರೆ ಹನ್ನೊಂದೂ ಜನ ಗುರುಪಾದ ಕೊಡಿಸುವ ಗಿರಮಿಟ್ಟಿನ ವಾಸನೆ ಹಿಡಿದು ಆ ಕಡೆ ನಡೆದುಬಿಡುತ್ತಿದ್ದರು.

ಅಂಚೆಯಲ್ಲಿ ಸಹಿ ಕೇಳುವವರು ಫೋಟೊವನ್ನು ತಾವೇ ಕಳಿಸಬೇಕು, ಜೊತೆಗೆ ತಮ್ಮ ವಿಳಾಸ ಬರೆದು ಸ್ಟ್ಯಾಂಪು ಹಚ್ಚಿದ ಪಾಕೀಟು. ಹೀಗಾಗಿ ಇಬ್ಬರೂ ಒಂದೇ ಮಧ್ಯಾಹ್ನ ಉಳವಪ್ಪನ ಸ್ಟುಡಿಯೋದಲ್ಲಿ ಎದುರಾದರು. ಇಬ್ಬರ ಕೈಯಲ್ಲೂ ಒಂದೇ ಪತ್ರಿಕೆಯಿಂದ ಕತ್ತರಿಸಿದ ಒಂದೇ ಚಿತ್ರ: ಬಿಳಿ ಅಂಗಿ, ಶಾಂತ ಮುಖ. ಎಪ್ಪತ್ತರ ಉಳವಪ್ಪ ಜನ್ಮದಲ್ಲಿ ಥೇಟರಿನ ಮೆಟ್ಟಿಲು ಹತ್ತಿದವನಲ್ಲ. ಅವನಿಗೆ ಅದು ಯಾರದೋ ಮನೆಯ ಹಿರಿಯರ ಮುಖ.

ಗುರುಪಾದ ಹನ್ನೆರಡು-ಹದಿನೈದು ಇಂಚಿನ ಸೈಜು ಹೇಳಿದ. ಸಹಿ ಬಾಲ್ಕನಿಯಿಂದಲೂ ಕಾಣಬೇಕಂತೆ. ಕಲ್ಲೇಶನ ಜೇಬಿಗೆ ನಿಲುಕಿದ್ದು ಕಾರ್ಡ್ ಸೈಜು.

"ಅದಕ್ಕ ಸಹಿ ಯಾಕ ಬೇಕಲೇ? ಬಸ್ ಪಾಸಿಗೆ ಹಚ್ಚು" ಎಂದ ಗುರುಪಾದ.

"ಗುಂಡು ಸಣ್ಣದ ಇರತೈತಿ ಮಗನ. ಆದ್ರ ದೊಡ್ಡ ಎದೀನ ಹುಡುಕ್ಕೊಂಡು ಹೋಗತೈತಿ."

ಗುರುಪಾದ ನೆಲಕ್ಕೆ ಉಗುಳಿದಂತೆ ನಕ್ಕು, ಸ್ಕೂಟರ್ ಒದ್ದು ಹೊರಟುಹೋದ. ಕಲ್ಲೇಶ ಹಲ್ಲು ಕಡಿಯುತ್ತ ಗೋಡೆ ನೋಡಿದ. ಅಲ್ಲಿದ್ದ ದೊಡ್ಡ ಫೋಟೊಗಳಲ್ಲಿ ಒಬ್ಬರೂ ಬದುಕಿರುವವರಿರಲಿಲ್ಲ. ಬದುಕಿದ್ದಾಗ ಆ ಸೈಜಿನ ಫೋಟೊ ಮಾಡಿಸುವವರು ಆ ಓಣಿಯಲ್ಲಿ ಯಾರೂ ಇಲ್ಲ. ತಕ್ಷಣ ಅವನ ತಲೆಯಲ್ಲಿ ಖಳನಾಯಕನ ಸಂಗೀತ ಶುರುವಾಯಿತು.

ಮುಖ ಇಳಿಬಿಟ್ಟು, ಗುರುಪಾದನ ಫೋಟೊದಲ್ಲಿರುವ ಹಿರಿಯರು ತೀರಿಕೊಂಡಿದ್ದಾರೆ, ದುಃಖಕ್ಕೆ ಅವನು ಬಾಯಿ ಬಿಟ್ಟು ಹೇಳಲಿಲ್ಲ, ಕಳಿಸಲು ಅವನು ಕೊಟ್ಟುಹೋದ ಬೆಂಗಳೂರಿನ ವಿಳಾಸ ಅವರ ಅಣ್ಣನ ಮನೆ ಎಂದು ಉಳವಪ್ಪನಿಗೆ ಪಿಸುಗುಟ್ಟಿದ. ಮುದುಕ ಮರುಗಿ ತಾರೀಖು ಕೇಳಿದ. ಕಲ್ಲೇಶ ಬಾಯಿಗೆ ಬಂದದ್ದೊಂದನ್ನು ಹೇಳಿದ.

ಗಿರಾಕಿಗಳ ಎಣ್ಣೆಗೈ ಪ್ರಿಂಟಿಗೆ ಹತ್ತಬಾರದೆಂದು ರಟ್ಟು ಕಟ್ಟಿ ತಾನೇ ಅಂಚೆಗೆ ಹಾಕುವುದು ಉಳವಪ್ಪನ ಪದ್ಧತಿ. ಕಲ್ಲೇಶ ತನ್ನ ಪತ್ರ, ಪಾಕೀಟು ಅಲ್ಲೇ ಇಟ್ಟು ಶಿಳ್ಳೆ ಹಾಕುತ್ತ ಹೋದ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಕಲ್ಲೇಶ ಹನ್ನೊಂದು ಹುಡುಗರನ್ನು ಶಾಪಿನ ಮುಂದೆ ಸುತ್ತ ನಿಲ್ಲಿಸಿಕೊಂಡೇ ಪಾಕೀಟು ಹರಿದ. ಸಿಡಿಲಣ್ಣನ ಮುಖ ಬಿಳಿ ಮೋಡದಲ್ಲಿ ತೇಲುತ್ತಿತ್ತು. ಹಣೆಗೆ ಮೂರು ಬೆರಳಿನ ವಿಭೂತಿ, ಸುತ್ತ ಕುಂಚದಿಂದ ಬರೆದ ಮಲ್ಲಿಗೆ ಹಾರ, ಕೆಳಗೆ ಮುದ್ದಾದ ಅಕ್ಷರದಲ್ಲಿ 'ಲಿಂಗೈಕ್ಯ', ಪಕ್ಕದಲ್ಲಿ ಕಲ್ಲೇಶನೇ ಹೇಳಿದ್ದ ತಾರೀಖು. ಸಹಿ ಇರಲಿಲ್ಲ. ಟೈಪು ಮಾಡಿದ ಪತ್ರವೊಂದಿತ್ತು: ನಟರು ಆರೋಗ್ಯವಾಗಿದ್ದಾರೆ, ಈ ಫೋಟೊ ನೋಡಿ ಅವರ ತಾಯಿ ಎರಡು ದಿನ ಊಟ ಬಿಟ್ಟಿದ್ದಾರೆ, ಗೋಕುಲ ರಸ್ತೆಯ ಯಾವ ಸಂಘದ ಬೋರ್ಡೂ ಕಟೌಟಿನ ಹತ್ತಿರ ಸುಳಿಯಬಾರದೆಂದು ಥೇಟರಿಗೂ ಬರೆದಿದ್ದೇವೆ.

ಕಲ್ಲೇಶ ಸ್ಟುಡಿಯೋಕ್ಕೆ ಓಡಿದ. ಹುಡುಗರು ಹಿಂದೆಯೇ ಬಂದರು. ಒಳಗೆ ಗುರುಪಾದ ಆಗಲೇ ನಿಂತಿದ್ದ, ಬಗಲಲ್ಲಿ ಹನ್ನೆರಡು-ಹದಿನೈದರ ಮೋಡ, ವಿಭೂತಿ, ಹಾರ.

"ನನ್ನ ಸಣ್ಣದಕ್ಕ ಯಾಕ್ರಿ ಹಾರ ಹಾಕಿದ್ರಿ?" ಕಲ್ಲೇಶ ಬಾಯಿ ತಪ್ಪಿ ಕೇಳಿಬಿಟ್ಟ.

ಉಳವಪ್ಪ ಕನ್ನಡಕ ಒರೆಸಿಕೊಂಡ. "ತೀರಿಕೊಂಡಾರಂತ ನೀನ ಹೇಳಿದ್ಯಲ್ಲೋ ತಮ್ಮಾ. ಎರಡರಾಗೂ ಮಾರಿ ಒಂದ, ವಿಳಾಸ ಒಂದ. ದೊಡ್ಡದು ಗ್ವಾಡಿಗಿ, ಸಣ್ಣದು ಬೀಗರಿಗೆ ಹಂಚಾಕ ಅಂತ ತಿಳಕೊಂಡೆ."

ಬಾಗಿಲಲ್ಲಿದ್ದ ಹುಡುಗರಲ್ಲಿ ಒಬ್ಬ ಸರಿದು ಗುರುಪಾದನ ಬೆನ್ನ ಹಿಂದೆ ನಿಂತ. ಆಮೇಲೆ ಇನ್ನಿಬ್ಬರು. ಆಮೇಲೆ ಎಲ್ಲರೂ.

ಗುರುಪಾದ ಕಲ್ಲೇಶನ ಹೆಗಲ ಮೇಲೆ ಕೈಯಿಟ್ಟು ಅದುಮಿ, ಕ್ಯಾಮೆರಾದ ಮುಂದಿನ ಸ್ಟೂಲಿನ ಮೇಲೆ ಕೂರಿಸಿದ. ಕೈ ತೆಗೆಯಲಿಲ್ಲ.

"ಕಾಕಾ, ಇವಂದೊಂದು ಫೋಟೊ ತಗೀರಿ. ಹನ್ನೆರಡು-ಹದಿನೈದು."

"ಹಾರ ಹಾಕೂದೇನಪಾ?"

"ಹಾಕ್ರಿ. ತಾರೀಖಷ್ಟ ಖಾಲಿ ಬಿಡ್ರಿ."

ಉಳವಪ್ಪ ದೀಪ ಹಚ್ಚಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಎಂದಿನಂತೆ ಹೇಳಿದ:

"ಅಲುಗಾಡಬ್ಯಾಡ, ತಮ್ಮಾ."